ಓರೆ ನೆಲಕ್ಕೆ ನಾಲ್ಕು ಹಲಗೆ

ಟೆಂಟ್ ಬಿಟ್ಟು ಸಣ್ಣ ಟ್ರೇಲರ್ ಹಿಡಿದ ಕನ್ನಡದ ಸಂಸಾರಗಳು ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಈಗ ಅಪರೂಪವೇನಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ ನೆಲದ ಮೇಲೆ ಮಲಗಲಾಗದು, ಮಕ್ಕಳಿಗೆ ಕತ್ತಲಲ್ಲಿ ಶೌಚಾಲಯದವರೆಗೆ ನಡೆಯಲು ಭಯ, ಬೆಳಗ್ಗೆ ಎದ್ದ ಕೂಡಲೇ ಎಲ್ಲರಿಗೂ ಕಾಫಿ ಆಗಬೇಕು. 13ರಿಂದ 18 ಅಡಿ ಉದ್ದದ, ಒಂದೇ ಆಕ್ಸಲ್ ಇರುವ ಟ್ರೇಲರ್ ಇಷ್ಟನ್ನೂ ಸುಧಾರಿಸುತ್ತದೆ. ಎಳೆಯುವ ಶಕ್ತಿಯಿರುವ ಎಸ್‌ಯುವಿ ಮನೆಯಲ್ಲಿದ್ದರೆ ಬೇರೆ ಗಾಡಿಯೂ ಬೇಡ. ತೊಡಕು ಶುರುವಾಗುವುದು ಗಾಡಿ ನಿಲ್ಲಿಸಿದ ಮೇಲೆ. ಕ್ಯಾಂಪ್‌ಸೈಟಿನ ನೆಲ ಮನೆಯ ಗ್ಯಾರೇಜಿನ ನೆಲದ ಹಾಗಿರುವುದಿಲ್ಲ. ಮಳೆನೀರು ಹರಿದುಹೋಗಲಿ ಎಂದು ಬೇಕೆಂದೇ ಒಂದಿಷ್ಟು ಇಳಿಜಾರು ಕೊಟ್ಟಿರುತ್ತಾರೆ. ಒಂದು ಕಡೆ ಮರದ ಬೇರು ಡಾಂಬರನ್ನು ಎತ್ತಿರುತ್ತದೆ, ಇನ್ನೊಂದು ಕಡೆ ಹಿಂದೆ ಬಂದು ಹೋದವರ ಚಕ್ರ ಜಲ್ಲಿಯನ್ನು ಗುಂಡಿ ಮಾಡಿರುತ್ತದೆ.

ಇದನ್ನು ಸರಿಮಾಡಲೆಂದು ಆರ್‌ವಿ ಸಾಮಾನಿನ ಅಂಗಡಿಗೆ ಹೋದರೆ ಒಂದು ಸಾಲು ಪೂರ್ತಿ ಇದೇ ತುಂಬಿರುತ್ತದೆ. ಹಳದಿ, ಕೆಂಪು ಪ್ಲಾಸ್ಟಿಕ್ ಬ್ಲಾಕುಗಳು, ಬಾಳೆಹಣ್ಣಿನಂತೆ ಬಾಗಿದ ರ‍್ಯಾಂಪ್‌ಗಳು, ಟೈರನ್ನೇ ಎತ್ತುವ ಕತ್ತರಿ ಜ್ಯಾಕು, ಫೋನಿಗೆ ಸುದ್ದಿ ಕಳಿಸುವ ಬ್ಲೂಟೂತ್ ಡಬ್ಬಿ. ಎಲ್ಲ ಕೊಂಡರೆ ಕಾರಿನ ಡಿಕ್ಕಿ ಅದಕ್ಕೇ ಸರಿಹೋಗುತ್ತದೆ. ಸಣ್ಣ ಟ್ರೇಲರಿಗೆ ನಿಜವಾಗಿ ಬೇಕಾದ್ದು ಬಹಳ ಕಡಿಮೆ ಎನ್ನುವುದೇ ನನ್ನ ಅಭಿಪ್ರಾಯ. ಆ ಕಡಿಮೆ ಯಾವುದು ಎಂದು ಗೊತ್ತಾಗಬೇಕಾದರೆ ಅಂಗಡಿಗೆ ಹೋಗುವ ಮೊದಲೇ ನಿಮ್ಮ ಟ್ರೇಲರಿನ ಎರಡು ಸಂಗತಿ ತಿಳಿದಿರಬೇಕು: ಒಳಗಿರುವ ಫ್ರಿಜ್ಜು ಯಾವ ಜಾತಿಯದು, ಎಡಚಕ್ರದಿಂದ ಬಲಚಕ್ರಕ್ಕೆ ಎಷ್ಟು ಅಂತರ.

ಫ್ರಿಜ್ಜಿನ ಹಟ

ಟ್ರೇಲರ್ ಒಂದಿಷ್ಟು ಓರೆಯಾಗಿದ್ದರೆ ಮನುಷ್ಯರಿಗೆ ಆಗುವ ಕಷ್ಟ ಸಣ್ಣದು. ತಲೆ ತಗ್ಗಾದರೆ ನಿದ್ದೆ ಸರಿಯಾಗದು, ಬಚ್ಚಲಿನ ನೀರು ಮೂಲೆಯಲ್ಲಿ ನಿಲ್ಲುತ್ತದೆ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕಾವಲಿಗೆ ಹಾಕಿದ ಎಣ್ಣೆ ಒಂದೇ ಕಡೆ ಸೇರಿ, ದೋಸೆಯ ಒಂದು ಅಂಚು ಸೀದು ಇನ್ನೊಂದು ಅಂಚು ಹಸಿಯಾಗಿ ಉಳಿಯುತ್ತದೆ. ಇದನ್ನೆಲ್ಲ ಎರಡು ದಿನ ಸಹಿಸಬಹುದು. ಸಹಿಸದೇ ಇರುವುದು ಹೀರಿಕೆ ವಿಧಾನದ ಫ್ರಿಜ್ಜು, ಅಂದರೆ ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವಂಥದು.

ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಸ್ವೀಡಿಷ್ ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದ ತಂತ್ರ ಇದು. ಇದರಲ್ಲಿ ಮೋಟರಿಲ್ಲ, ಪಂಪಿಲ್ಲ. ಹಿಂಬದಿಯ ಕೊಳವೆಗಳಲ್ಲಿ ಅಮೋನಿಯ, ನೀರು, ಜಲಜನಕ ತುಂಬಿರುತ್ತವೆ. ಕೆಳಗೆ ಉರಿಯುವ ಸಣ್ಣ ಪ್ರೋಪೇನ್ ಜ್ವಾಲೆ ಅಮೋನಿಯವನ್ನು ಕುದಿಸಿ ಆವಿ ಮಾಡುತ್ತದೆ. ಆವಿ ಮೇಲೇರಿ ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು, ಕಡೆಗೆ ನೀರಿನಲ್ಲಿ ಕರಗಿ ಕೆಳಗೆ ಹರಿದು ಬರುತ್ತದೆ. ಈ ಇಳಿದು ಬರುವ ಕೆಲಸ ನಡೆಯುವುದು ಗುರುತ್ವದಿಂದ ಮಾತ್ರ. ಫ್ರಿಜ್ಜು ಓರೆಯಾದರೆ ದ್ರವ ಕೊಳವೆಯ ಯಾವುದೋ ತಗ್ಗಿನಲ್ಲಿ ನಿಲ್ಲುತ್ತದೆ, ಜ್ವಾಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಬರಿಗೊಳವೆ ಕಾದು, ತುಕ್ಕು ಹಿಡಿಯದಿರಲೆಂದು ಒಳಗೆ ಹಾಕಿರುವ ರಾಸಾಯನಿಕ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತದೆ. ಒಮ್ಮೆ ಹಾಗೆ ಕಟ್ಟಿಕೊಂಡರೆ ಹಿಂದಿನ ಘಟಕವನ್ನೇ ಬದಲಿಸಬೇಕಾಗುತ್ತದೆ, ಅದು ದುಬಾರಿ ಬಾಬ್ತು. ರಸ್ತೆಯಲ್ಲಿ ಓಡುವಾಗ ಈ ಭಯ ಕಡಿಮೆ, ಏಕೆಂದರೆ ಕುಲುಕಾಟದಲ್ಲಿ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ಕಾಟವೇನಿದ್ದರೂ ನಿಂತಾಗ.

ಎಷ್ಟು ಓರೆಯನ್ನು ತಡೆದುಕೊಳ್ಳುತ್ತದೆ? ನೋರ್‌ಕೋಲ್ಡ್ ಫ್ರಿಜ್ಜುಗಳ ಕೈಪಿಡಿಯಲ್ಲಿ ಎಡ–ಬಲಕ್ಕೆ 3 ಡಿಗ್ರಿ, ಹಿಂದೆ–ಮುಂದೆ 6 ಡಿಗ್ರಿ ಎಂದಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಈ ಎಡ–ಬಲ ಫ್ರಿಜ್ಜಿನದು, ಟ್ರೇಲರಿನದಲ್ಲ. ಫ್ರಿಜ್ಜಿನ ಬಾಗಿಲ ಮುಂದೆ ನಿಂತು ನೋಡಿದಾಗ ಕಾಣುವ ಎಡ–ಬಲ. ಹೆಚ್ಚಿನ ಟ್ರೇಲರ್‌ಗಳಲ್ಲಿ ಫ್ರಿಜ್ಜು ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಿರುವುದರಿಂದ ಅದರ ಎಡ–ಬಲ ಎಂದರೆ ಟ್ರೇಲರಿನ ಉದ್ದ. ಅಂದರೆ ಬಿಗಿಯಾದ ನಿಯಮ ಅನ್ವಯಿಸುವುದು ಮೂತಿಯಿಂದ ಬಾಲದವರೆಗಿನ ಮಟ್ಟಕ್ಕೆ. ಅದೃಷ್ಟಕ್ಕೆ ಅದನ್ನು ಸರಿಮಾಡುವ ಜ್ಯಾಕ್ ಟ್ರೇಲರಿನ ಮೂತಿಯಲ್ಲೇ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ. ನಿಮ್ಮ ಫ್ರಿಜ್ಜಿನ ಕೈಪಿಡಿಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಈಚಿನ ಅನೇಕ ಸಣ್ಣ ಟ್ರೇಲರ್‌ಗಳಲ್ಲಿ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜು ಬರುತ್ತಿದೆ. ಅದು ಮನೆಯ ಫ್ರಿಜ್ಜಿನ ತಮ್ಮ, ಓರೆಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು ಅಂಥದಾದರೆ ಮಟ್ಟ ಮಾಡುವುದು ನಿಮ್ಮ ನಿದ್ದೆಗೆ, ನಿಮ್ಮ ದೋಸೆಗೆ ಮಾತ್ರ. ಕೊಳ್ಳುವ ಸಾಮಾನೂ ಅಷ್ಟೇ ಹಗುರವಾಗಬಹುದು. ಗ್ಯಾಸಿನ ಫ್ರಿಜ್ಜಿನವರು ಮಾತ್ರ ಉದಾಸೀನ ಮಾಡಬಾರದು. ಯೊಸೆಮಿಟಿ ಕಣಿವೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಾಗಲಿ, ಗ್ರ್ಯಾಂಡ್ ಕ್ಯಾನಿಯನ್‌ನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಾಗಲಿ ಸೈಟಿಗೆ ಕರೆಂಟಿನ ಸಂಪರ್ಕವಿಲ್ಲ. ಹಾಲು, ಮೊಸರು, ರುಬ್ಬಿ ತಂದ ಹಿಟ್ಟು ಎಲ್ಲ ಆ ಸಣ್ಣ ಜ್ವಾಲೆಯನ್ನೇ ನಂಬಿರುತ್ತವೆ.

ಟೇಪು ಹಿಡಿದು ಒಂದು ಲೆಕ್ಕ

ಎರಡೂ ಚಕ್ರಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ. ಸಣ್ಣ ಟ್ರೇಲರಿನಲ್ಲಿ ಅದು 6 ಅಡಿಯ ಆಸುಪಾಸು ಇರುತ್ತದೆ. 72 ಇಂಚು ಎಂದಿಟ್ಟುಕೊಂಡರೆ ಪ್ರತಿ 1 ಡಿಗ್ರಿ ಓರೆಗೆ ತಗ್ಗಿನ ಚಕ್ರವನ್ನು ಒಂದೂಕಾಲು ಇಂಚು ಎತ್ತಬೇಕು. 2 ಡಿಗ್ರಿಗೆ ಎರಡೂವರೆ, 3 ಡಿಗ್ರಿಗೆ ಮೂರೂಮುಕ್ಕಾಲು. ಇನ್ನು ಆಕ್ಸಲ್‌ನಿಂದ ಮೂತಿಯ ಜ್ಯಾಕಿನವರೆಗೆ ಅಳೆಯಿರಿ. 10 ಅಡಿ ಇದ್ದರೆ ಪ್ರತಿ ಡಿಗ್ರಿಗೆ ಜ್ಯಾಕು ಸುಮಾರು 2 ಇಂಚು ಏರಬೇಕು ಅಥವಾ ಇಳಿಯಬೇಕು. ಈ ಎರಡು ಸಂಖ್ಯೆಗಳನ್ನು ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಚಕ್ರದ ಕೆಳಗೆ 4 ಇಂಚು ಎತ್ತುವ ಸಾಮಾನಿದ್ದರೆ 3 ಡಿಗ್ರಿಯವರೆಗೂ ದಾಟಬಹುದು. ಅದಕ್ಕಿಂತ ಓರೆಯಾದ ಸೈಟು ಸಿಕ್ಕರೆ ಗಾಡಿಯನ್ನು ನಾಲ್ಕಡಿ ಹಿಂದೆಯೋ ಮುಂದೆಯೋ ಸರಿಸಿ ನೋಡುವುದು ಜಾಣತನ. ಒಂದೇ ಸೈಟಿನಲ್ಲಿ ನಾಲ್ಕಡಿ ಸರಿದರೆ ಓರೆ ಅರ್ಧಕ್ಕೆ ಇಳಿಯುವುದು ಅಪರೂಪವಲ್ಲ, ಮತ್ತು ಅದಕ್ಕೆ ಕಾಸು ಖರ್ಚಿಲ್ಲ.

ಓರೆ ನೋಡಲು ಏನು ಬೇಕು? ಗಾರೆ ಕೆಲಸದವರ ರಸಮಟ್ಟದ ಪುಟ್ಟ ರೂಪವನ್ನೇ ಟ್ರೇಲರಿಗೆ ಅಂಟಿಸಲು ಮಾರುತ್ತಾರೆ. ಒಂದನ್ನು ಟ್ರೇಲರಿನ ಮುಂಗೋಡೆಗೆ ಎಡ–ಬಲ ನೋಡಲು, ಇನ್ನೊಂದನ್ನು ಪಕ್ಕದ ಗೋಡೆಯಲ್ಲಿ ಮೂತಿಯ ಹತ್ತಿರ, ಜ್ಯಾಕು ತಿರುಗಿಸುವವರಿಗೆ ಕಾಣುವಂತೆ ಹಾಕಬೇಕು. ಡಿಗ್ರಿಯ ಗೆರೆಗಳಿರುವುದನ್ನೇ ಕೊಳ್ಳಿ. ಬರೀ ಗುಳ್ಳೆ ಮಾತ್ರ ಇದ್ದರೆ ಓರೆ ಇದೆ ಎಂದು ಗೊತ್ತಾಗುತ್ತದೆ, ಎಷ್ಟು ಎತ್ತಬೇಕು ಎಂದು ಗೊತ್ತಾಗುವುದಿಲ್ಲ. ಅಂಟಿಸುವ ಕೆಲಸದಲ್ಲಿ ಅವಸರ ಬೇಡ. ಮೊದಲು ಮನೆಯ ಹತ್ತಿರ ಎಲ್ಲಾದರೂ ನಿಲ್ಲಿಸಿ, ಎರಡಡಿ ಉದ್ದದ ರಸಮಟ್ಟವನ್ನು ಟ್ರೇಲರಿನ ಒಳನೆಲದ ಮೇಲೂ ಫ್ರಿಜ್ಜಿನ ತಳದ ಮೇಲೂ ಇಟ್ಟು ಟ್ರೇಲರನ್ನು ಪಕ್ಕಾ ಮಟ್ಟಕ್ಕೆ ತನ್ನಿ. ಆಮೇಲೆ ಹೊರಗಿನ ಗುಳ್ಳೆ ನಡುವೆ ನಿಲ್ಲುವ ಹಾಗೆ ಅಂಟಿಸಿ. ಗೋಡೆಯ ಅಂಚನ್ನೋ ಬಣ್ಣದ ಪಟ್ಟಿಯನ್ನೋ ನೋಡಿಕೊಂಡು ಅಂಟಿಸಿದರೆ ಅದು ಆಯುಷ್ಯಪೂರ್ತಿ ಸುಳ್ಳು ಹೇಳುತ್ತಿರುತ್ತದೆ.

ಫೋನಿನಲ್ಲೂ ಮಟ್ಟ ನೋಡಬಹುದು. ಐಫೋನಿನ ಮೆಷರ್ ಆ್ಯಪಿನಲ್ಲೇ ಅದಿದೆ. ಆದರೆ ಫೋನನ್ನು ಬೆನ್ನ ಮೇಲೆ ಮಲಗಿಸಬೇಡಿ, ಕ್ಯಾಮೆರಾದ ಉಬ್ಬು ಲೆಕ್ಕ ಕೆಡಿಸುತ್ತದೆ. ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ನೋಡಿ. ಇನ್ನು ಬ್ಲೂಟೂತ್ ಡಬ್ಬಿ. ಲೆವೆಲ್‌ಮೇಟ್ ಪ್ರೋ ಎಂಬುದು ಇವುಗಳಲ್ಲಿ ಹೆಸರಾದದ್ದು. ಟ್ರೇಲರಿನ ಅಳತೆಯನ್ನು ಒಮ್ಮೆ ತುಂಬಿಸಿಟ್ಟರೆ, ಯಾವ ಬದಿ ಎಷ್ಟು ಇಂಚು ಎತ್ತಬೇಕು ಎಂದು ಡ್ರೈವರ್ ಸೀಟಿನಲ್ಲಿ ಕೂತವರಿಗೆ ಫೋನಿನಲ್ಲಿ ತೋರಿಸುತ್ತದೆ. ಕಾರಿನಿಂದ ಬಿಡಿಸುವಾಗ ಮೂತಿ ಯಾವ ಎತ್ತರದಲ್ಲಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳುತ್ತದೆ. ಒಬ್ಬರೇ ಪ್ರಯಾಣ ಮಾಡುವವರಿಗೆ, ಕೆಲಸ ಮುಗಿಸಿ ಶುಕ್ರವಾರ ಹೊರಟು ರಾತ್ರಿ ತಲುಪುವವರಿಗೆ ಅದು ನಿಜಕ್ಕೂ ಉಪಕಾರಿ. ಹೊರಗೆ ನಿಂತು ಕೈಬೀಸುವ ಇನ್ನೊಬ್ಬರು ಜೊತೆಗಿದ್ದರೆ ಆ ದುಡ್ಡಿಗೆ ಬೇರೆ ಏನಾದರೂ ಬರುತ್ತದೆ.

ಚಕ್ರದ ಕೆಳಗೆ ಏನಿಡಬೇಕು

ಎಲ್ಲಕ್ಕಿಂತ ಅಗ್ಗದ್ದೂ ನನಗೆ ಹೆಚ್ಚು ಹಿಡಿಸುವುದೂ ಮರದ ಹಲಗೆ. ಹೋಮ್ ಡಿಪೋದಂಥ ಅಂಗಡಿಗಳಲ್ಲಿ ಮನೆ ಕಟ್ಟುವ ಹಲಗೆಯ ವಿಭಾಗಕ್ಕೆ ಹೋಗಿ ಎರಡು–ಬೈ–ಹತ್ತರ ಹಲಗೆ ಕೇಳಿ. ಹೆಸರಿಗೆ 2 ಇಂಚು ದಪ್ಪ, 10 ಇಂಚು ಅಗಲವಾದರೂ ಕೈಗೆ ಬರುವುದು ಒಂದೂವರೆ ಇಂಚು ದಪ್ಪದ, ಒಂಬತ್ತೂಕಾಲು ಇಂಚು ಅಗಲದ್ದು. ಎರಡು–ಬೈ–ಎಂಟು ಇನ್ನೂ ಅಗ್ಗ, ಆದರೆ ಅದರ ನಿಜವಾದ ಅಗಲ ಏಳೂಕಾಲು ಇಂಚು. ಸಣ್ಣ ಟ್ರೇಲರಿಗೆ ಸಾಮಾನ್ಯವಾಗಿ ಬರುವ 205 ಮಿಲಿಮೀಟರ್ ಟೈರು 8 ಇಂಚು ಅಗಲ. ನೆಲಕ್ಕೆ ತಾಗುವ ಪಟ್ಟಿ ಅದಕ್ಕಿಂತ ಕಿರಿದಾದರೂ, ಹಿಮ್ಮುಖವಾಗಿ ಬರುವಾಗ ಚಕ್ರ ಒಂದಿಂಚು ಆಚೀಚೆ ಆಗಿಯೇ ಆಗುತ್ತದೆ. ಟೈರಿನ ಅಂಚು ಹಲಗೆಯ ಹೊರಗೆ ಜೋತುಬಿದ್ದರೆ ಭಾರವೆಲ್ಲ ಉಳಿದ ಭಾಗದ ಮೇಲೆ ಬಿದ್ದು ಒಳಗಿನ ಪದರಕ್ಕೆ ಪೆಟ್ಟು. ಆದ್ದರಿಂದ ಹತ್ತರದ್ದೇ ಇರಲಿ.

8 ಅಡಿ ಉದ್ದದ ಒಂದು ಹಲಗೆಯಿಂದ 30 ಇಂಚಿನ ಎರಡು, 18 ಇಂಚಿನ ಎರಡು ತುಂಡು ಬರುತ್ತವೆ, ಗರಗಸ ತಿಂದದ್ದು ಕಳೆದು. ಅಡ್ಡಕ್ಕೆ ಕತ್ತರಿಸುವುದನ್ನು ಅನೇಕ ಅಂಗಡಿಗಳಲ್ಲಿ ಅಲ್ಲೇ ಮಾಡಿಕೊಡುತ್ತಾರೆ. ತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ಯುವುದು ಮಾತ್ರ ನಿಮ್ಮ ಕೆಲಸ, ಆ ಓರೆ ಇದ್ದರೆ ಚಕ್ರ ಎಡವದೆ ಹತ್ತುತ್ತದೆ. ಉದ್ದದ್ದು ಕೆಳಗೆ, ಗಿಡ್ಡದ್ದು ಮೇಲೆ. ಚಕ್ರ ಬರುವ ಕಡೆ ಮೆಟ್ಟಿಲು ಇರಲಿ, ಹಿಂದಿನ ತುದಿಗಳು ಸಮವಾಗಿರಲಿ. ಒಂದು ಹಲಗೆಯಾದರೆ ಒಂದೂವರೆ ಇಂಚು, ಎರಡಾದರೆ ಮೂರು. ಅಂದರೆ ಮೇಲಿನ ಲೆಕ್ಕದ ಟ್ರೇಲರಿನಲ್ಲಿ 2 ಡಿಗ್ರಿಗಿಂತ ತುಸು ಹೆಚ್ಚಿನ ಓರೆ ಇದರಲ್ಲೇ ಮುಗಿಯುತ್ತದೆ. ಒಂದು ಜೊತೆ ಸಾಲುವಾಗ ಎರಡು ಜೊತೆ ಏಕೆ ಎಂದರೆ, ಎರಡೂ ಚಕ್ರ ಎತ್ತಬೇಕಾದ ಒಂದು ಸಂದರ್ಭ ಮುಂದೆ ಬರುತ್ತದೆ. ಹಲಗೆಯ ಕೊರತೆಗಳೂ ಇವೆ. ಭಾರ, ಮಳೆಯಲ್ಲಿ ನೆಂದರೆ ಇನ್ನೂ ಭಾರ. ಅರ್ಧ ಇಂಚು, ಮುಕ್ಕಾಲು ಇಂಚಿನ ನಾಜೂಕು ಅದರಲ್ಲಿ ಸಿಗುವುದಿಲ್ಲ.

ಪ್ಲಾಸ್ಟಿಕ್ ಬ್ಲಾಕುಗಳು ಒಂದಕ್ಕೊಂದು ಕಚ್ಚಿಕೊಳ್ಳುವಂಥವು, ಒಂದೊಂದು ಸುಮಾರು ಒಂದು ಇಂಚು ಎತ್ತರ. ಲಿಂಕ್ಸ್ ಎಂಬ ಹೆಸರಿನವು ಹತ್ತರ ಚೀಲದಲ್ಲಿ ಬರುತ್ತವೆ, ಒಂದೊಂದೂ ಎಂಟೂವರೆ ಇಂಚು ಚೌಕ. ಹತ್ತು ಬಹಳವಾಯಿತು ಎನಿಸುತ್ತದೆ, ಆದರೆ ಲೆಕ್ಕ ಹಾಕಿ. ಚಕ್ರ ಹತ್ತಬೇಕಾದರೆ ಮೆಟ್ಟಿಲು ಬೇಕಲ್ಲ. 1 ಇಂಚಿಗೆ ಒಂದು ಬ್ಲಾಕು, 2 ಇಂಚಿಗೆ ಕೆಳಗೆ ಎರಡು ಮೇಲೆ ಒಂದು ಸೇರಿ ಮೂರು, 3 ಇಂಚಿಗೆ ಮೂರು, ಎರಡು, ಒಂದು ಸೇರಿ ಆರು. ಉಳಿದ ನಾಲ್ಕು ಜ್ಯಾಕಿನ ಕಾಲಿಗೂ ಹಿಂದಿನ ಆಸರೆಗಳಿಗೂ ಹೋಗುತ್ತವೆ. ಅಲ್ಲಿಗೆ ಒಂದೇ ಆಕ್ಸಲ್‌ನ ಟ್ರೇಲರಿಗೆ ಒಂದು ಚೀಲ ಸರಿಯಾಯಿತು. ಎರಡು ಆಕ್ಸಲ್ ಇದ್ದರೆ ಒಂದು ಬದಿಯ ಎರಡೂ ಚಕ್ರಗಳನ್ನು ಸಮನಾಗಿ ಎತ್ತಲೇಬೇಕು, ಒಂದನ್ನೇ ಎತ್ತಿದರೆ ಆ ಚಕ್ರದ ಮೇಲೆ ಇಬ್ಬರ ಭಾರ. ಅವರಿಗೆ ಎರಡು ಚೀಲ ಬೇಕಾಗಬಹುದು.

ಬ್ಲಾಕುಗಳು ಹಗುರ, ನೀರಿಗೆ ಹೆದರುವುದಿಲ್ಲ, ತೊಳೆದರೆ ಹೊಸದರಂತೆ. ಎರಡು ವಿಷಯದಲ್ಲಿ ಎಚ್ಚರವಿರಲಿ. ಮೊನಚು ಕಲ್ಲಿನ ಮೇಲೆ ಇಟ್ಟರೆ ಬಿರುಕು ಬಿಡುತ್ತವೆ, ಅಲ್ಲಿ ಮೊದಲು ಕಾಲಿನಿಂದ ಕಲ್ಲು ಸರಿಸಿ ನೆಲ ಸಮ ಮಾಡಬೇಕು. ನುಣುಪಾದ ಕಾಂಕ್ರೀಟು, ಒದ್ದೆ ಡಾಂಬರಿನ ಮೇಲೆ ಚಕ್ರ ಹತ್ತುವ ಬದಲು ಬ್ಲಾಕನ್ನೇ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಅಡುಗೆಮನೆಯ ಡ್ರಾಯರಿಗೆ ಹಾಸುವ ಜಾರದ ರಬ್ಬರ್ ಜಾಲರಿಯ ಒಂದು ತುಂಡನ್ನು ಕೆಳಗೆ ಹಾಸಿದರೆ ಆ ಕಾಟ ತಪ್ಪುತ್ತದೆ.

ಮೂರನೆಯದು ಬಾಗಿದ ರ‍್ಯಾಂಪು, ಆಂಡರ್ಸನ್ ಕಂಪನಿಯದು ಎಲ್ಲರಿಗೂ ಗೊತ್ತಿರುವಂಥದು. ಒಂದು ತುದಿಯಲ್ಲಿ ಅರ್ಧ ಇಂಚು, ಇನ್ನೊಂದು ತುದಿಗೆ ಬರುವಷ್ಟರಲ್ಲಿ 4 ಇಂಚು. ಚಕ್ರ ನಿಧಾನವಾಗಿ ಹತ್ತುತ್ತಾ ಹೋದಂತೆ ಟ್ರೇಲರ್ ಏರುತ್ತದೆ, ಗುಳ್ಳೆ ನಡುವೆ ಬಂದ ಕ್ಷಣ ನಿಲ್ಲಿಸಿ ಕೆಳಗೆ ಅದರದ್ದೇ ಆಪು ತುರುಕಿದರೆ ಮುಗಿಯಿತು. ಇಂಚಿನ ಲೆಕ್ಕವೇ ಬೇಡ. ಒಂದೇ ಆಕ್ಸಲ್‌ನ ಟ್ರೇಲರಿಗೆ ಹೇಳಿ ಮಾಡಿಸಿದಂತಿದೆ, ದುಡ್ಡು ಕೊಟ್ಟು ಏನಾದರೂ ಕೊಳ್ಳಲೇಬೇಕು ಎಂದರೆ ನಾನು ಇದನ್ನೇ ಹೇಳುತ್ತೇನೆ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ಟೈರಿನ ಮೇಲಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಜಾಗ ಎಷ್ಟಿದೆ, ಪಕ್ಕದಿಂದ ಚಕ್ರದ ಬುಡ ಕಾಣುತ್ತದೆಯೇ ನೋಡಿ. ಟಿಯರ್‌ಡ್ರಾಪ್ ಮಾದರಿಯ ಪುಟ್ಟ ಟ್ರೇಲರ್‌ಗಳಲ್ಲಿ ಚಕ್ರ ಚಿಕ್ಕದು, ಮಡ್‌ಗಾರ್ಡು ತಗ್ಗು. ರ‍್ಯಾಂಪು ತುರುಕಲು ಜಾಗವೇ ಸಿಗದಿರಬಹುದು. ಎರಡು ಆಕ್ಸಲ್‌ನವರಿಗೆ ಚಕ್ರಗಳ ನಡುವೆ ಜಾಗ ಸಾಲದೆ ರ‍್ಯಾಂಪಿನ ತುದಿ ಕೊಯ್ಯಬೇಕಾಗಿ ಬರುವುದೂ ಉಂಟು.

ಕತ್ತರಿ ಮಾದರಿಯ ಟೈರ್ ಲೆವೆಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೇಲರ್ ನಿಂತ ಮೇಲೆ ಟೈರನ್ನು ತಬ್ಬಿಹಿಡಿದು ಹಿಡಿಕೆ ತಿರುಗಿಸಿದಂತೆ ಎತ್ತುತ್ತದೆ. ಹಗುರ ಟ್ರೇಲರ್ ಇರುವ, ಒಬ್ಬರೇ ಓಡಾಡುವ ಜನಕ್ಕೆ ಒಳ್ಳೆಯದು, ಆದರೆ ಕಬ್ಬಿಣದ ಭಾರ. ಟೈರಿನ ಅಳತೆಗೂ ಟ್ರೇಲರಿನ ತೂಕಕ್ಕೂ ಹೊಂದುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿ ಕೊಳ್ಳಿ. ಕಾರಿನ ಜ್ಯಾಕನ್ನೇ ಆಕ್ಸಲ್ ಕೆಳಗೆ ಕೊಟ್ಟು ಎತ್ತುವ ಯೋಚನೆ ಮಾತ್ರ ಬೇಡ. ಅನೇಕ ಸಣ್ಣ ಟ್ರೇಲರ್‌ಗಳಲ್ಲಿರುವುದು ಒಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್. ಅದರ ಕೊಳವೆಗೆ ಜ್ಯಾಕ್ ಕೊಡಬಾರದು ಎಂದು ತಯಾರಕರೇ ಹೇಳುತ್ತಾರೆ.

ಜುಗ್ಗತನ ಮಾಡಬಾರದ ಸಾಮಾನು

ಅಮೆರಿಕದ ಟ್ರೇಲರ್‌ಗಳಿಗೆ ಯುರೋಪಿನ ಕ್ಯಾರವಾನ್‌ಗಳಿಗಿರುವಂಥ ಹ್ಯಾಂಡ್‌ಬ್ರೇಕು ಸಾಮಾನ್ಯವಾಗಿ ಇರುವುದಿಲ್ಲ. ವಿದ್ಯುತ್ ಬ್ರೇಕು ಕೆಲಸ ಮಾಡುವುದು ಕಾರಿನ ಬ್ರೇಕ್ ಕಂಟ್ರೋಲರಿನ ಅಪ್ಪಣೆಯಲ್ಲಿ. ಹಿಚ್ ಬಿಡಿಸಿ ವೈರು ಕಿತ್ತ ಮೇಲೆ ಇಳಿಜಾರಿನಲ್ಲಿ ನಿಂತ ಆ ಒಂದೂವರೆ ಟನ್ನನ್ನು ಹಿಡಿದಿಡುವುದು ಚಕ್ರ ಉರುಳದಂತೆ ಕೊಟ್ಟ ಆಪು, ಅಂದರೆ ಚಾಕ್ ಮಾತ್ರ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೈಹಾಕಬೇಕಾದ್ದು ಇದಕ್ಕೇ. ಟೊಳ್ಳು ಪ್ಲಾಸ್ಟಿಕ್‌ನ ಚಾಕ್‌ಗಳು ಅಗ್ಗವಾಗಿ ಸಿಗುತ್ತವೆ, ಮಣ್ಣಿನಲ್ಲಿ ನಡೆಯುತ್ತದೆ, ಕಾಂಕ್ರೀಟಿನ ಮೇಲೆ ಜಾರುತ್ತವೆ. ಗಟ್ಟಿ ರಬ್ಬರಿನ, ಭಾರದ ಚಾಕ್‌ಗಳನ್ನೇ ನಾಲ್ಕು ಕೊಳ್ಳಿ. ಪ್ರತಿ ಚಕ್ರಕ್ಕೂ ಮುಂದೊಂದು, ಹಿಂದೊಂದು, ಟೈರಿಗೆ ಬಿಗಿಯಾಗಿ ಒತ್ತಿ, ಹಲಗೆಯ ಮೇಲೆ ನಿಂತ ಚಕ್ರಕ್ಕೆ ಹಲಗೆಯ ಮೇಲೆಯೇ. ಎರಡು ಚಕ್ರಗಳ ನಡುವೆ ಅಗಲಿಸಿ ಬಿಗಿಯುವ ಎಕ್ಸ್ ಆಕಾರದ ಚಾಕ್ ನೋಡಲು ಚೆನ್ನ. ಅದು ಎರಡು ಆಕ್ಸಲ್‌ನವರದು, ನಿಮಗೆ ಉಪಯೋಗವಿಲ್ಲ.

ಮೂತಿ ಮೇಲೆ, ಮೂತಿ ಕೆಳಗೆ

ಉದ್ದದ ಮಟ್ಟಕ್ಕೆ ಮೂತಿಯ ಜ್ಯಾಕೇ ಸಾಕು. ಕೊಳ್ಳಬೇಕಾದ್ದು ಅದರ ಕಾಲಿನ ಕೆಳಗಿಡಲು ಅಗಲದ ಒಂದು ಮಣೆ. ಎರಡು–ಬೈ–ಹತ್ತರ ಹಲಗೆಯಲ್ಲಿ ಒಂದಡಿ ತುಂಡು ಕೊಯ್ದುಕೊಂಡರೆ ಅದೇ ಮಣೆ. ಮಳೆ ಬಿದ್ದ ಮಣ್ಣಿನಲ್ಲಿ ಬರಿಗಾಲು ಇಟ್ಟರೆ ಬೆಳಗಾಗುವಷ್ಟರಲ್ಲಿ ಎರಡಿಂಚು ಹೂತುಹೋಗಿ ರಾತ್ರಿ ಮಾಡಿದ ಲೆಕ್ಕವೆಲ್ಲ ಹಾಳು. ಕೆಲವು ಸಣ್ಣ ಟ್ರೇಲರ್‌ಗಳಲ್ಲಿ ಜ್ಯಾಕಿನ ತುದಿಗೆ ಪುಟ್ಟ ಗಾಲಿ ಇರುತ್ತದೆ. ಗ್ಯಾರೇಜಿನಲ್ಲಿ ತಳ್ಳಲು ಅದು ಅನುಕೂಲ, ಕ್ಯಾಂಪಿನಲ್ಲಿ ಅಪಾಯ. ಗಾಲಿ ಬಿಚ್ಚಿ ಚಪ್ಪಟೆ ಕಾಲು ಹಾಕುವ ಹಾಗಿದ್ದರೆ ಹಾಕಿ, ಇಲ್ಲವಾದರೆ ಗಾಲಿ ಕೂರುವ ತೊಟ್ಟಿಯಂಥ ಆಸರೆ ಮಾರುತ್ತಾರೆ, ಅದನ್ನು ಕೊಳ್ಳಿ.

ಸೈಟು ಕಾರಿನ ಕಡೆಗೆ ಇಳಿಜಾರಾಗಿದ್ದರೆ ಮೂತಿಯನ್ನು ಎತ್ತಬೇಕು. ಜ್ಯಾಕಿನ ಕೆಳಗೆ ಬ್ಲಾಕ್ ಸೇರಿಸಿದರಾಯಿತು. ಕಷ್ಟ ಬರುವುದು ತಿರುಗಾಮುರುಗಾ ಇದ್ದಾಗ. ಕಾರಿನ ಕಡೆ ಏರು, ಬಾಲದ ಕಡೆ ತಗ್ಗು. ಆಗ ಮೂತಿಯನ್ನು ಇಳಿಸುತ್ತಾ ಹೋಗಬೇಕು, ಜ್ಯಾಕು ಪೂರ್ತಿ ಮಡಚಿದರೂ ಮಟ್ಟ ಬರದೆ ಅದರ ತಳ ನೆಲಕ್ಕೆ ತಾಗುತ್ತದೆ. ಅದಕ್ಕೆ ದಾರಿ ಒಂದೇ: ಹಿಚ್ ಬಿಡಿಸುವ ಮೊದಲೇ ಎರಡೂ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸುವುದು. ಎಡ–ಬಲ ಸರಿಯಾಗಿಯೇ ಇದ್ದರೂ ಸರಿ. ಎರಡು ಜೊತೆ ಹಲಗೆ ಎಂದದ್ದು ಇದಕ್ಕೆ. ರಾಷ್ಟ್ರೀಯ ಉದ್ಯಾನಗಳ ಸೈಟುಗಳನ್ನು ಕಾದಿರಿಸುವ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಅನೇಕ ಸೈಟುಗಳ ವಿವರದಲ್ಲಿ ಡ್ರೈವ್‌ವೇಯ ಇಳಿಜಾರು, ನೆಲ ಜಲ್ಲಿಯದೋ ಡಾಂಬರಿನದೋ, ಉದ್ದ ಎಷ್ಟು ಎಂಬುದೆಲ್ಲ ಇರುತ್ತದೆ. ನದಿಯ ನೋಟ, ನೆರಳು ನೋಡಿ ಸೈಟು ಆರಿಸುವವರು ಆ ಸಾಲನ್ನೂ ಒಮ್ಮೆ ಓದಿದರೆ ಅರ್ಧ ಸಾಮಾನು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಹಿಂದಿನ ಎರಡು ಮೂಲೆಗಳಲ್ಲಿರುವ ಸ್ಟೆಬಿಲೈಜರ್‌ಗಳನ್ನು ನೋಡಿ ಇವೂ ಜ್ಯಾಕುಗಳೇ, ಇವುಗಳಿಂದಲೇ ಎತ್ತಬಹುದಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ಎತ್ತಬಾರದು. ಅವು ಓಡಾಡಿದಾಗ ಟ್ರೇಲರ್ ತೂಗಾಡದಿರಲು ಕೊಟ್ಟ ಊರುಗೋಲು. ಅವುಗಳಿಂದ ಭಾರ ಎತ್ತಿದರೆ ಚೌಕಟ್ಟು ತಿರುಚಿ ಬಾಗಿಲು ಹಿಡಿದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಮೇಲೆ ಇನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು. ಬ್ಯಾಟರಿ ಡ್ರಿಲ್ಲಿಗೆ ಹಾಕುವ ಸಾಕೆಟ್ ಸಿಗುತ್ತದೆ, ಸೊಂಟ ಉಳಿಯುತ್ತದೆ. ಆದರೆ ಬಿಗಿಯಾದಾಗ ಡ್ರಿಲ್ಲು ಮಣಿಕಟ್ಟು ತಿರುಚುತ್ತದೆ, ವೇಗ ಕಡಿಮೆ ಇಟ್ಟುಕೊಳ್ಳಿ. ಮಕ್ಕಳಿರುವ ಮನೆಯವರು ಇನ್ನೊಂದು ವಿಷಯ ಮರೆಯಬಾರದು. ಹಿಚ್ ಬಿಡಿಸಿದ ಸಣ್ಣ ಟ್ರೇಲರ್ ಆಕ್ಸಲ್‌ನ ಮೇಲೆ ತೂಗುವ ತಕ್ಕಡಿಯಂತಿರುತ್ತದೆ. ನಾಲ್ಕು ಜನ ಒಟ್ಟಿಗೆ ಒಳನುಗ್ಗಿ ಹಿಂದಿನ ಹಾಸಿಗೆಗೆ ಹಾರಿದರೆ ಮೂತಿ ಮೇಲೆದ್ದುಬಿಡಬಹುದು. ಹಿಂದಿನ ಸ್ಟೆಬಿಲೈಜರ್ ಇಳಿಯುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ ಎಂದು ಮೊದಲೇ ಹೇಳಿಡಿ.

ಸೈಟಿಗೆ ಬಂದ ಮೇಲೆ

ಗಾಡಿಯನ್ನು ಬೇಕಾದ ಜಾಗಕ್ಕೆ ತಂದು ನಿಲ್ಲಿಸಿ, ಹಿಚ್ ಬಿಡಿಸದೆ ಇಳಿದು ಮುಂಗೋಡೆಯ ಗುಳ್ಳೆ ನೋಡಿ. ಬಲಗಡೆ 2 ಡಿಗ್ರಿ ತಗ್ಗು ಎಂದರೆ ಎರಡೂವರೆ ಇಂಚು, ಎರಡು ಹಲಗೆ. ಬಲಚಕ್ರದ ಹಿಂದೆ ಹಲಗೆ ಜೋಡಿಸಿ, ಒಬ್ಬರು ಕಾರಿನಲ್ಲಿ, ಒಬ್ಬರು ಟ್ರೇಲರಿನ ಪಕ್ಕದಲ್ಲಿ.

“ಬನ್ನಿ, ಬನ್ನಿ... ಇನ್ನು ಸ್ವಲ್ಪ... ರೀ, ಸಾಕು! ಸಾಕು ಅಂದ್ನಲ್ಲ!”

“ಕೇಳಿಸ್ಲಿಲ್ಲ ಕಣೇ, ಎಸಿ ಓಡ್ತಿದೆ.”

ಅಷ್ಟರಲ್ಲಿ ಚಕ್ರ ಹಲಗೆ ಹತ್ತಿ ಆಚೆ ಇಳಿದಿರುತ್ತದೆ. ಬಾಯಿಮಾತನ್ನು ನಂಬಬೇಡಿ. ಎಸಿ, ರೇಡಿಯೋ ಆರಿಸಿ, ಕಾರಿನ ಕಿಟಕಿ ಇಳಿಸಿ, ಹೊರಗಿರುವವರು ಡ್ರೈವರಿನ ಕಡೆಯ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಕೈ ಎತ್ತಿದರೆ ನಿಲ್ಲಿಸುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಹಲಗೆ ಬಲಗಡೆ ಇದ್ದಾಗ ಅಲ್ಲಿಂದ ಕನ್ನಡಿಗೆ ಕಾಣುವುದಿಲ್ಲ ಎನಿಸಿದರೆ ಫೋನಿನಲ್ಲಿ ಕರೆ ಮಾಡಿ ಸ್ಪೀಕರಿಗೆ ಹಾಕಿಡಿ. ನಿಲ್ಲಿಸುವ ಜಾಗದಲ್ಲಿ ಹಲಗೆಯ ಅಂಚಿಗೆ ಅಡ್ಡಲಾಗಿ ಬಿಳಿ ಬಣ್ಣದ ಗೆರೆ ಎಳೆದಿಟ್ಟರೆ ಕತ್ತಲಲ್ಲಿ ಟಾರ್ಚಿಗೂ ಕಾಣುತ್ತದೆ.

ಎಡ–ಬಲ ಸರಿಯಾಯಿತೇ, ನಾಲ್ಕೂ ಚಾಕ್ ಕೊಡಿ. ಆಮೇಲೆ ಜ್ಯಾಕಿನ ಕೆಳಗೆ ಮಣೆ ಇಟ್ಟು, ಕಪ್ಲರಿನ ಬೀಗ ತೆಗೆದು, ಮೂತಿಯನ್ನು ಹಿಚ್ಚಿನ ಗುಂಡಿನಿಂದ ಮೇಲೆತ್ತಿ. ಸುರಕ್ಷಾ ಸರಪಳಿಗಳನ್ನು ಈಗಲೇ ಬಿಚ್ಚಬೇಡಿ. ಗುಂಡಿನಿಂದ ಬಿಟ್ಟ ಮೇಲೆ ಟ್ರೇಲರ್ ಒಂದು ಗೇಣು ಚಲಿಸಿದರೂ ಸರಪಳಿ ಹಿಡಿಯುತ್ತದೆ. ನಿಂತಲ್ಲೇ ನಿಂತಿದೆ ಎಂದು ಖಾತರಿಯಾದ ಮೇಲೆ ಸರಪಳಿ, ವೈರು ತೆಗೆದು ಕಾರು ಮುಂದೆ ತನ್ನಿ. ಪಕ್ಕದ ಗುಳ್ಳೆ ನೋಡುತ್ತಾ ಜ್ಯಾಕು ತಿರುಗಿಸಿ, ಕೊನೆಗೆ ಹಿಂದಿನ ಸ್ಟೆಬಿಲೈಜರ್ ಇಳಿಸಿ. ಒಂದು ಡಿಗ್ರಿಯ ಒಳಗೆ ಬಂದರೆ ಸಾಕು, ಗುಳ್ಳೆ ಕೂದಲೆಳೆ ನಡುವೆ ನಿಲ್ಲಬೇಕೆಂದು ಮತ್ತೆ ಮತ್ತೆ ಹತ್ತಿಸಿ ಇಳಿಸುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ಪಕ್ಕದ ಸೈಟಿನವರ ಊಟ ಆಗಿರುತ್ತದೆ.

ಹೊರಡುವಾಗ ಇದೇ ಕೆಲಸ ಹಿಂದುಮುಂದಾಗಿ: ಸ್ಟೆಬಿಲೈಜರ್ ಎತ್ತಿ, ಹಿಚ್ ಹಾಕಿ, ಸರಪಳಿ ಮತ್ತು ವೈರು ಜೋಡಿಸಿ, ಎಲ್ಲಕ್ಕೂ ಕೊನೆಯಲ್ಲಿ ಚಾಕ್ ತೆಗೆದು ಹಲಗೆಯಿಂದ ಇಳಿಸುವುದು. ನಾಲ್ಕು ರಬ್ಬರ್ ಚಾಕ್, ಹಲಗೆ ಇಲ್ಲವೇ ಒಂದು ಚೀಲ ಬ್ಲಾಕು, ಎರಡು ಗುಳ್ಳೆ, ಒಂದು ಮಣೆ, ಇಷ್ಟು ಸಾಮಾನು ನೂರು ಡಾಲರಿನ ಆಸುಪಾಸಿನಲ್ಲಿ ಮುಗಿಯಬೇಕು. ಬಾಡಿಗೆಗೆ ತರುವವರು ಔಟ್‌ಡೋರ್ಸಿ, ಆರ್‌ವಿಶೇರ್‌ಗಳಲ್ಲಿ ಕಾದಿರಿಸುವಾಗಲೇ ಮಾಲೀಕರನ್ನು ಕೇಳಿಬಿಡಿ: ಬ್ಲಾಕು ಎಷ್ಟಿವೆ, ಚಾಕ್ ರಬ್ಬರಿನದೋ ಪ್ಲಾಸ್ಟಿಕ್‌ನದೋ, ಫ್ರಿಜ್ಜು ಗ್ಯಾಸಿನದೋ 12 ವೋಲ್ಟಿನದೋ, ಜ್ಯಾಕಿನ ಹಿಡಿಕೆ ಎಲ್ಲಿಟ್ಟಿದ್ದೀರಿ. ಟ್ರೇಲರ್ ಒಪ್ಪಿಸಿಕೊಳ್ಳುವಾಗ ಅವರ ಮುಂದೆಯೇ ಒಮ್ಮೆ ಜ್ಯಾಕು ಏರಿಸಿ ಇಳಿಸಿ ನೋಡಿ. ಬ್ಲಾಕುಗಳ ಫೋಟೋ ತೆಗೆದಿಟ್ಟುಕೊಳ್ಳಿ, ವಾಪಸು ಕೊಡುವಾಗ ಎಣಿಸುತ್ತಾರೆ.